‘ಅಂದಿನ ಕಾಲದಲ್ಲಿ ಮಕ್ಕಳು ಹೀಗಿರಲಿಲ್ಲ’ ಎಂಬ ಫಾರ್ವರ್ಡ್: ಶಿರೂರಿನ ಕಡೆ ಮಕ್ಕಳನ್ನು ಬೆಳೆಸಿದವರು ಯಾರು?

ಹಂಚಿನ ಮನೆ, ಜಗಲಿಯಲ್ಲಿ ಸಾಲಾಗಿ ಕೂತ ಮಕ್ಕಳು, ನಡುವೆ ಬಿಳಿ ಕೂದಲಿನ ಅಜ್ಜಿ. ಚಿತ್ರದ ಕೆಳಗೆ ಬರಹ: “ಅಂದು ಮನೆ ತುಂಬ ಜನ, ಅಪ್ಪನ ಭಯ, ಅಮ್ಮನ ಕೈತುತ್ತು. ಇಂದು ಅಪ್ಪ ಪರ ಊರಲ್ಲಿ, ಅಮ್ಮ ಡ್ಯೂಟಿಯಲ್ಲಿ, ಮಗು ಮೊಬೈಲಿನಲ್ಲಿ. ಮಕ್ಕಳು ಹಾಳಾಗದೆ ಇನ್ನೇನಾದೀತು?” ಕೊನೆಗೊಂದು ಕೈಮುಗಿದ ಇಮೋಜಿ, ಹತ್ತು ಜನರಿಗೆ ಕಳಿಸಿ ಎಂಬ ಕೋರಿಕೆ. ಈ ಧಾಟಿಯ ಸಂದೇಶ ನಿಮ್ಮ ಫೋನಿಗೂ ಬಂದಿರುತ್ತದೆ.

ನಮ್ಮ ಬಳಗದ ಒಬ್ಬರ ಮನೆ ಬೈಂದೂರು ತಾಲೂಕಿನ ಶಿರೂರಿನಲ್ಲಿದೆ. ಅವರ ಕುಟುಂಬದ ಗ್ರೂಪಿಗೆ ಇದನ್ನು ಹಾಕಿದವರು ಮನೆಯ ಹಿರಿಯ ಮಾವ. ಸ್ವಲ್ಪ ಹೊತ್ತಿನಲ್ಲೇ ಸಾಲು ಸಾಲು ಲೈಕು ಬಿದ್ದವು. ಸಂಜೆ ನೋಡಿದರೆ ಒಬ್ಬರು ಅತ್ತಿಗೆ ಏನೂ ಬರೆಯದೆ ಗ್ರೂಪ್ ಬಿಟ್ಟಿದ್ದರು. ಅವರ ಗಂಡನಿಗೆ ಮುಂಬೈಯಲ್ಲಿ ಹೋಟೆಲ್ ಕೆಲಸ. ಅತ್ತಿಗೆ ಗೇರುಬೀಜದ ಫ್ಯಾಕ್ಟರಿಗೆ ಹೋಗುತ್ತಾರೆ. ನಾಲ್ಕನೇ ಕ್ಲಾಸಿನ ಮಗ ಶಾಲೆ ಬಿಟ್ಟ ಮೇಲೆ ಅಜ್ಜಿಯ ಹತ್ತಿರ. ಸಂದೇಶದಲ್ಲಿ ಯಾರ ಹೆಸರೂ ಇರಲಿಲ್ಲ, ಆದರೆ ಅವರಿಗೆ ಅದು ತಮ್ಮ ಮನೆಗೇ ಬರೆದ ಹಾಗೆ ಕಂಡಿರಬೇಕು.

ಸುಳ್ಳು ಸುದ್ದಿಯನ್ನು ಪರೀಕ್ಷಿಸುವ ಹಾಗೆಯೇ ಈ ಫಾರ್ವರ್ಡನ್ನೂ ಪರೀಕ್ಷಿಸಬಹುದು ಅನ್ನಿಸಿತು. ಅದು ಹೇಳುವ ‘ಅಂದು’ ಯಾವಾಗ ಇತ್ತು? ಯಾರ ಮನೆಯಲ್ಲಿತ್ತು? ಅಪ್ಪ ಮನೆಯಲ್ಲಿಲ್ಲದ ಮಗು ಹಾಳಾಗುತ್ತದೆ ಎಂಬುದಕ್ಕೆ ಆಧಾರ ಉಂಟಾ?

ಮೊದಲು ಊರಿನ ವಿಷಯ ಸ್ಪಷ್ಟ ಮಾಡಿಕೊಳ್ಳೋಣ. 2024ರ ಜುಲೈಯಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿಹೋದ ಶಿರೂರು ಅಂಕೋಲಾ ತಾಲೂಕಿನದು. ನಾವು ಹೇಳುತ್ತಿರುವುದು ಉಡುಪಿ ಜಿಲ್ಲೆಯ ಉತ್ತರ ತುದಿಯ ಶಿರೂರು. ಅದು ದಾಟಿದರೆ ಭಟ್ಕಳ. ಒಂದೇ ಹೆಸರಿನ ಎರಡು ಊರು, ಅದೇ ಹೆದ್ದಾರಿ 66ರ ಮೇಲೆ.

ದೊಡ್ಡ ಮನೆಯಲ್ಲಿ ಭಯ ಇದ್ದದ್ದು ಯಾರದ್ದು?

‘ಅಪ್ಪನ ಭಯ’ ಎಂಬ ಮಾತಿನಿಂದಲೇ ಶುರು ಮಾಡೋಣ. ಕರಾವಳಿಯ ಹಲವು ಸಮುದಾಯಗಳಲ್ಲಿ, ಕುಂದಾಪುರ ಸೀಮೆಯ ಬಂಟರು ಮತ್ತು ಮೊಗವೀರರನ್ನೂ ಸೇರಿಸಿ, ಇದ್ದದ್ದು ಅಳಿಯಸಂತಾನ ಪದ್ಧತಿ. ಮಗು ತಾಯಿಯ ಕುಟುಂಬಕ್ಕೆ ಸೇರಿದ್ದು. ಬಳಿ ತಾಯಿಯದು, ಆಸ್ತಿಯ ಹಕ್ಕು ತಾಯಿಯ ಮನೆಯಲ್ಲಿ. ಗಂಡಸಿನ ಉತ್ತರಾಧಿಕಾರಿ ಅವನ ಮಗನಲ್ಲ, ಅಕ್ಕತಂಗಿಯರ ಮಗ. ಹಾಗಾಗಿ ಮಗುವಿನ ಮೇಲೆ ಗದರುವ, ಮದುವೆ ನಿಶ್ಚಯಿಸುವ, ಖರ್ಚಿಗೆ ಕೊಡುವ ಅಧಿಕಾರ ಹೆಚ್ಚಾಗಿ ಸೋದರಮಾವನದು. ಅಪ್ಪ ಪ್ರೀತಿಯ ನೆಂಟ ಎನ್ನಬಹುದಾದ ಮನೆಗಳೂ ಇದ್ದವು.

ಈ ಪದ್ಧತಿ ಹುಟ್ಟಿದ್ದಕ್ಕೆ ಹೇಳುವ ಭೂತಾಳಪಾಂಡ್ಯನ ಕಥೆ ನಿಮಗೆ ಗೊತ್ತಿರಬಹುದು. ರಾಜನ ಹಡಗು ಹೊರಡಲು ಕುಂಡೋದರನೆಂಬ ಭೂತ ನರಬಲಿ ಕೇಳುತ್ತದೆ. ರಾಜನ ಹೆಂಡತಿ ತನ್ನ ಮಕ್ಕಳನ್ನು ಕೊಡಲು ಒಪ್ಪುವುದಿಲ್ಲ, ತಂಗಿ ತನ್ನ ಮಗನನ್ನು ಒಪ್ಪಿಸುತ್ತಾಳೆ. ಭೂತ ಮೆಚ್ಚಿ ಹುಡುಗನನ್ನು ಉಳಿಸುತ್ತದೆ, ಆಸ್ತಿ ಅಳಿಯನಿಗೆ ಹೋಗುತ್ತದೆ. ಇದು ಐತಿಹ್ಯ, ಚರಿತ್ರೆಯ ದಾಖಲೆ ಅಲ್ಲ. ಆದರೂ ನಮಗೆ ಕುತೂಹಲ ಹುಟ್ಟಿಸಿದ ಸಂಗತಿ ಬೇರೆ: ಮಗನನ್ನು ಬಲಿ ಕೊಡಲಾರೆ ಎಂದ ತಾಯಿಯೇ ಈ ಕಥೆಯಲ್ಲಿ ತಪ್ಪಿತಸ್ಥೆ. ಅಮ್ಮಂದಿರ ಮೇಲೆ ತಪ್ಪು ಹೊರಿಸುವ ಚಾಳಿ ವಾಟ್ಸಾಪಿನಿಂದ ಬಂದದ್ದಲ್ಲ.

ಪಕ್ಕದ ಮನೆಯಲ್ಲೇ ಕ್ರಮ ಬೇರೆ. ಬ್ರಾಹ್ಮಣರಲ್ಲಿ, ಕೊಂಕಣಿ ಮಾತಾಡುವ ಹಲವರಲ್ಲಿ ಮಕ್ಕಳಸಂತಾನ, ಅಂದರೆ ಅಪ್ಪನಿಂದ ಮಗನಿಗೆ. ಶಿರೂರಿನಲ್ಲೂ ಭಟ್ಕಳದಲ್ಲೂ ಇರುವ ನವಾಯತ ಮುಸ್ಲಿಮರದು ಇಸ್ಲಾಮಿನ ಉತ್ತರಾಧಿಕಾರ ನಿಯಮ. ಅದೇ ಊರು, ಅದೇ ಮಳೆ, ಅದೇ ಮೀನು. ಆದರೆ ಮಗು ಯಾರದ್ದು ಎಂಬ ಪ್ರಶ್ನೆಗೆ ಕೇರಿಗೊಂದು ಉತ್ತರ. ‘ನಮ್ಮ ಹಿಂದಿನವರ ಪದ್ಧತಿ’ ಎಂದು ಒಂದೇ ಪದ್ಧತಿಯನ್ನು ತೋರಿಸಲು ಇಲ್ಲಿ ಸಾಧ್ಯವೇ ಇಲ್ಲ.

ದೊಡ್ಡ ಮನೆಗಳು ಇದ್ದದ್ದು ನಿಜ. ಗೇಣಿ ಭತ್ತ ಬಂದು ಬೀಳುವ ಮನೆಗಳಲ್ಲಿ ಇಪ್ಪತ್ತು ಮೂವತ್ತು ಜನ ಒಂದೇ ಒಲೆಯಲ್ಲಿ ಉಂಡದ್ದೂ ನಿಜ. ಆ ಭತ್ತ ಬೆಳೆದ ಒಕ್ಕಲಿನ ಗುಡಿಸಲಲ್ಲಿ ಎಷ್ಟು ಜನ ಇದ್ದರು? ಸಮಾಜಶಾಸ್ತ್ರಜ್ಞ ಎ.ಎಂ. ಷಾ ಅವರು ಗುಜರಾತಿನ ಒಂದು ಹಳ್ಳಿಯ 1825ರ ಜನಗಣತಿ ಕಾಗದಗಳನ್ನು ಹಿಡಿದು ಇದೇ ಪ್ರಶ್ನೆ ಕೇಳಿದರು. 1973ರಲ್ಲಿ ಬಂದ ಅವರ ಪುಸ್ತಕದ ಪ್ರಕಾರ, ಹಿಂದಿನ ಭಾರತದ ಎಲ್ಲರೂ ಅವಿಭಕ್ತ ಕುಟುಂಬದಲ್ಲಿ ಇದ್ದರು ಎಂಬ ನಂಬಿಕೆಗೆ ಆಧಾರವಿಲ್ಲ. ಸಣ್ಣ ಮನೆಗಳು ಆಗಲೂ ಸಾಮಾನ್ಯವಾಗಿದ್ದವು. ಕಾರಣ ಸರಳ. ಸ್ವಾತಂತ್ರ್ಯ ಬಂದ ಹೊತ್ತಿಗೆ ಭಾರತೀಯರ ಸರಾಸರಿ ಆಯುಷ್ಯ 32 ವರ್ಷದ ಆಸುಪಾಸು. ಅಜ್ಜ ಅಜ್ಜಿ ಇಬ್ಬರನ್ನೂ ಕಂಡು ಬೆಳೆಯುವುದು ಎಲ್ಲ ಮಕ್ಕಳಿಗೆ ಸಿಕ್ಕಿದ ಭಾಗ್ಯವಲ್ಲ.

ಆ ಚಿತ್ರದಲ್ಲಿ ಕಾಣದ ಮಕ್ಕಳು

‘ಅಜ್ಜಿ ಹತ್ತು ಹೆತ್ತರು, ಒಂದೂ ಡಾಕ್ಟರನ್ನು ಕಾಣಲಿಲ್ಲ, ಎಲ್ಲರೂ ಗಟ್ಟಿಮುಟ್ಟು’ ಎಂಬುದು ಇದೇ ಫಾರ್ವರ್ಡಿನ ತಮ್ಮ. ಇದರಲ್ಲಿರುವ ತಪ್ಪು ಎಣಿಕೆಯದು. ಗಟ್ಟಿಮುಟ್ಟಾಗಿ ಉಳಿದವರನ್ನು ನಾವು ನೋಡುತ್ತೇವೆ, ಉಳಿಯದವರು ಚಿತ್ರದಲ್ಲಿಲ್ಲ. 1971ರಲ್ಲಿ ಭಾರತದಲ್ಲಿ ಹುಟ್ಟಿದ ಪ್ರತಿ 1000 ಶಿಶುಗಳಲ್ಲಿ 129 ಮೊದಲ ಹುಟ್ಟುಹಬ್ಬ ಕಾಣುತ್ತಿರಲಿಲ್ಲ. 2020ರಲ್ಲಿ ಆ ಸಂಖ್ಯೆ 28. ನಿಮ್ಮ ಮನೆಯ ಹಿರಿಯ ಹೆಂಗಸರನ್ನು ಪಕ್ಕಕ್ಕೆ ಕೂರಿಸಿಕೊಂಡು ಕೇಳಿ ನೋಡಿ: ‘ಹುಟ್ಟಿದ್ದು ಎಷ್ಟು, ಉಳಿದದ್ದು ಎಷ್ಟು?’ ಹೆಚ್ಚಿನವರು ಎರಡು ಬೇರೆ ಸಂಖ್ಯೆ ಹೇಳುತ್ತಾರೆ.

ಇನ್ನು ಕೈತುತ್ತು ಕೊಡುವ ಅಮ್ಮ. ಗದ್ದೆ ನಾಟಿ, ಕಟಾವು, ಮೀನು ಮಾರಲು ಮೈಲುಗಟ್ಟಲೆ ನಡಿಗೆ. ಅಮ್ಮಂದಿರು ಯಾವ ಕಾಲದಲ್ಲೂ ಇಡೀ ದಿನ ಮಗುವಿನ ಪಕ್ಕ ಕೂತಿರಲಿಲ್ಲ. ಅವರು ಕೆಲಸಕ್ಕೆ ಹೋದಾಗ ಮಗು ಇರುತ್ತಿದ್ದುದು ಅಕ್ಕನ ಸೊಂಟದಲ್ಲಿ. ಏಳೆಂಟು ವರ್ಷದ ಹುಡುಗಿ ತಮ್ಮನನ್ನು ಎತ್ತಿಕೊಂಡಿದ್ದರಿಂದ ಅಮ್ಮ ಗದ್ದೆಗೆ ಇಳಿಯಬಹುದಿತ್ತು, ಅದೇ ಕಾರಣಕ್ಕೆ ಆ ಹುಡುಗಿ ಶಾಲೆಗೆ ಹೋಗಲಿಲ್ಲ. 1951ರ ಜನಗಣತಿಯಲ್ಲಿ ದೇಶದ ಹೆಂಗಸರ ಸಾಕ್ಷರತೆ ಶೇಕಡಾ 9ಕ್ಕೂ ಕಡಿಮೆ. ನಗರದ ಕಥೆ ಇನ್ನೂ ಕಷ್ಟದ್ದು: 1920ರ ದಶಕದ ಮುಂಬೈಯ ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ತಾಯಂದಿರು, ಶಿಶು ಮಲಗಿಯೇ ಇರಲೆಂದು ಅಫೀಮು ಬೆರೆಸಿದ ‘ಬಾಲಗೋಲಿ’ ಕೊಡುತ್ತಿದ್ದುದು ಆ ಕಾಲದ ಸರ್ಕಾರಿ ವರದಿಗಳಲ್ಲಿದೆ. ಇವತ್ತಿನ ಮೊಬೈಲಿಗಿಂತ ಅದು ವಾಸಿಯಾಗಿತ್ತು ಎಂದು ಯಾರೂ ಹೇಳಲಾರರು.

ಮಾಣಿ

ಕುಂದಾಪ್ರ ಕನ್ನಡದಲ್ಲಿ ಮಾಣಿ ಎಂದರೆ ಹುಡುಗ. ‘ನಮ್ ಮಾಣಿ’ ಎಂದರೆ ನಮ್ಮ ಮಗ. ಘಟ್ಟ ಹತ್ತಿದರೆ ಅದೇ ಮಾತಿಗೆ ಹೋಟೆಲಿನ ಸಪ್ಲೈಯರ್ ಎಂಬ ಅರ್ಥ. ಈ ಎರಡು ಅರ್ಥಗಳ ನಡುವೆ ಈ ಸೀಮೆಯ ಸಾವಿರಾರು ಹುಡುಗರ ಬಾಲ್ಯ ಕಳೆದುಹೋಗಿದೆ.

ಇಪ್ಪತ್ತನೇ ಶತಮಾನದ ಬಹುಭಾಗ ಕುಂದಾಪುರ, ಬೈಂದೂರು ಕಡೆಯಿಂದ ಹುಡುಗರು ಬೆಂಗಳೂರು, ಮುಂಬೈಯ ಹೋಟೆಲುಗಳಿಗೆ ಹೋದರು. ಕೋಟದವರೇ ಆದ ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಓದಿದವರಿಗೆ, ಮಣ್ಣಿನ ದುಡಿಮೆ ಬಿಟ್ಟು ಹೋಟೆಲಿಟ್ಟು ಹಣ ಮಾಡುವ ಮಕ್ಕಳ ನೆನಪಿರಬಹುದು. ಹೋಟೆಲ್ ಇಟ್ಟವರ ಕಥೆ ಬಹಳ ಬಂದಿದೆ. ಅಲ್ಲಿ ಲೋಟ ತೊಳೆದ ಹನ್ನೆರಡು ವರ್ಷದವರ ಕಥೆ ಅಷ್ಟಾಗಿ ಬಂದಿಲ್ಲ. ಊರಿನ ಯಾರಾದರೊಬ್ಬರು ರಜೆಗೆ ಬಂದಾಗ, ಮರಳುವ ಬಸ್ಸಿನಲ್ಲಿ ಹುಡುಗನೊಬ್ಬ ಜೊತೆಗೆ ಹತ್ತುತ್ತಿದ್ದ. ಅವನ ಮುಂದಿನ ಪಾಲಕರು ಹೋಟೆಲ್ ಯಜಮಾನ, ಅಡುಗೆ ಭಟ್ಟರು, ತನಗಿಂತ ಎರಡು ವರ್ಷ ದೊಡ್ಡವನಾದ ಇನ್ನೊಬ್ಬ ಮಾಣಿ. ಅದೃಷ್ಟ ಇದ್ದರೆ ಕನ್ನಡ ರಾತ್ರಿಶಾಲೆ. ಮುಂಬೈಯ ಕನ್ನಡ ಸಂಘಗಳು ನಡೆಸಿದ ಆ ಶಾಲೆಗಳಿಂದ ಮ್ಯಾಟ್ರಿಕ್ ಪಾಸಾಗಿ ಬ್ಯಾಂಕು, ಕಚೇರಿ ಸೇರಿದವರು ಎಷ್ಟೋ ಮಂದಿ. ಮನಿಯಾರ್ಡರ್ ಊರಿಗೆ ಬರುತ್ತಿತ್ತು, ಹುಡುಗ ಬರುತ್ತಿರಲಿಲ್ಲ.

ಇದು ತೀರಾ ಹಳೆಯ ಕಾಲದ್ದೇನೂ ಅಲ್ಲ. ಬಾಲಕಾರ್ಮಿಕ ನಿಷೇಧದ ಕೇಂದ್ರ ಕಾಯ್ದೆ ಬಂದದ್ದು 1986ರಲ್ಲಿ. ಆದರೆ ಆ ಕಾಯ್ದೆಯ ನಿಷೇಧಿತ ಕೆಲಸಗಳ ಪಟ್ಟಿಗೆ ಹೋಟೆಲು, ಢಾಬಾ, ಮನೆಗೆಲಸ ಸೇರಿದ್ದು 2006ರ ಅಕ್ಟೋಬರ್ 10ರಿಂದ. ‘ಅಂದಿನ ಮಕ್ಕಳು ಎಷ್ಟು ಜವಾಬ್ದಾರಿಯಿಂದ ಇದ್ದರು’ ಎನ್ನುವಾಗ ಆ ಜವಾಬ್ದಾರಿಗೆ ಅವರು ಕೊಟ್ಟ ಬೆಲೆಯನ್ನೂ ಲೆಕ್ಕ ಹಾಕಬೇಕು.

ಫಾರ್ವರ್ಡ್ ಹಾಕಿದ ಮಾವನೂ ಏಳನೇ ಕ್ಲಾಸು ಬಿಟ್ಟು ಮುಂಬೈ ಬಸ್ಸು ಹತ್ತಿದವರೇ.

ಡಿಕ್ಲರೇಷನ್, ಬೋಟು, ಗಲ್ಫು

ಒಳಗೆ ಮನೆಗಳೂ ಒಡೆಯುತ್ತಿದ್ದವು. ಓದಿ ಸಂಬಳ ತರುವ ಗಂಡಸರಿಗೆ ತಮ್ಮ ದುಡಿಮೆ ಸ್ವಂತ ಮಕ್ಕಳಿಗೆ ಸಿಗಲಿ ಎಂಬ ಆಸೆ ಹುಟ್ಟಿತು. ಆಗ ಈ ಸೀಮೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಕುಟುಂಬದ ಕವರುಗಳಿಗೆ, ಅಂದರೆ ಶಾಖೆಗಳಿಗೆ, ಪಾಲು ಕೇಳುವ ಹಕ್ಕು ಕೊಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಒಂದು ತಲೆಮಾರಿನೊಳಗೆ ‘ನನ್ನ ಮಕ್ಕಳು’ ಎಂಬ ಮಾತಿಗೆ ಅಪ್ಪನ ಬಾಯಲ್ಲಿ ಹೊಸ ಅರ್ಥ ಬಂತು. ಫಾರ್ವರ್ಡಿನಲ್ಲಿರುವ ಶಿಸ್ತಿನ ಅಪ್ಪ ಇಲ್ಲಿನ ಅನೇಕ ಮನೆಗಳಿಗೆ ಬಂದು ಸರಿಯಾಗಿ ನೂರು ವರ್ಷವೂ ಆಗಿಲ್ಲ.

ಮತ್ತೆ 1974. ದೇವರಾಜ ಅರಸರ ಸರ್ಕಾರದ ಭೂಸುಧಾರಣಾ ತಿದ್ದುಪಡಿ ಆ ವರ್ಷದ ಮಾರ್ಚ್ 1ರಿಂದ ಜಾರಿಯಾಯಿತು. ಊರಿನವರ ಬಾಯಲ್ಲಿ ಅದು ‘ಡಿಕ್ಲರೇಷನ್’. ಏಳನೇ ನಂಬರಿನ ಫಾರ್ಮ್ ತುಂಬಿ ಚಾಲಗೇಣಿ ಒಕ್ಕಲುಗಳು ಭೂಮಿಯ ಒಡೆಯರಾದರು. ಗೇಣಿ ನಿಂತ ದೊಡ್ಡ ಮನೆಗಳಲ್ಲಿ ಒಂದೊಂದೇ ಕೋಣೆಗೆ ಬೀಗ ಬಿತ್ತು, ಮಕ್ಕಳು ಓದಿ ಮಂಗಳೂರು, ಮುಂಬೈ ಸೇರಿದರು. ಗೇಣಿ ಕೊಡುವ ಭಾರ ಇಳಿದ ಮನೆಗಳಲ್ಲಿ, ದಣಿಗಳ ದನ ಕಾಯಬೇಕಿದ್ದ ಹುಡುಗನಿಗೆ ಶಾಲೆ ಸಿಕ್ಕಿತು. ಒಬ್ಬರ ಮನೆಯಲ್ಲಿ ‘ಕುಟುಂಬ ಒಡೆಯಿತು’ ಎಂದು ನೆನಪಾಗುವ ವರ್ಷವೇ ಇನ್ನೊಬ್ಬರ ಮನೆಯಲ್ಲಿ ‘ಮಕ್ಕಳು ಓದಲು ಶುರು ಮಾಡಿದ’ ವರ್ಷ. ಗತಕಾಲದ ಸೊಬಗನ್ನು ಹೇಳುವ ಫಾರ್ವರ್ಡುಗಳಲ್ಲಿ ಮೊದಲನೆಯವರ ನೆನಪೇ ಹೆಚ್ಚು, ಎರಡನೆಯವರದು ಕಡಿಮೆ ಎಂಬುದು ನಮ್ಮ ಅನಿಸಿಕೆ.

ಹೆಚ್ಚು ಕಡಿಮೆ ಅದೇ ಹೊತ್ತಿಗೆ ಕಡಲಿನಲ್ಲೂ ಬದಲಾವಣೆ. ಊರಿಗೆ ಊರೇ ದಡದಲ್ಲಿ ನಿಂತು ಎಳೆಯುತ್ತಿದ್ದ ರಂಪಣಿ ಬಲೆ, 1970ರ ದಶಕದಲ್ಲಿ ಯಾಂತ್ರಿಕ ಪರ್ಸೀನ್ ಬೋಟುಗಳು ಬಂದ ಮೇಲೆ ಬೇಗ ಹಿಂದೆ ಸರಿಯಿತು. ರಂಪಣಿಯ ಕಾಲದಲ್ಲಿ ಅಪ್ಪನ ಕೆಲಸ ಮಕ್ಕಳ ಕಣ್ಣೆದುರಿನ ಮರಳಿನಲ್ಲಿತ್ತು. ಬೋಟಿಗೆ ಹೋದ ಅಪ್ಪ ಮಲ್ಪೆಯಿಂದಲೋ ಗಂಗೊಳ್ಳಿಯಿಂದಲೋ ಹೊರಟರೆ ದಿನಗಟ್ಟಲೆ ಕಾಣುವುದಿಲ್ಲ.

1973ರ ನಂತರ ತೈಲದ ಬೆಲೆ ಏರಿ ಗಲ್ಫಿನ ಬಾಗಿಲು ತೆರೆಯಿತು. ಶಿರೂರು, ಭಟ್ಕಳದ ಎಷ್ಟೋ ಮನೆಗಳಲ್ಲಿ ಅಪ್ಪ ಎಂದರೆ ಎರಡು ವರ್ಷಕ್ಕೊಮ್ಮೆ ಸೂಟ್‌ಕೇಸು ತರುವವರು. ಕಾಗದ, ಆಮೇಲೆ ಮಾತು ತುಂಬಿದ ಕ್ಯಾಸೆಟ್ಟು, ಆಮೇಲೆ ಎಸ್‌ಟಿಡಿ ಬೂತು. ಈಗ ದುಬೈಯಿಂದ ವಾಟ್ಸಾಪ್ ಕರೆ ಹೋಗುವುದಿಲ್ಲವಾದ್ದರಿಂದ ಬೋಟಿಮ್. ಇಲ್ಲಿ ಮನೆ ನಡೆಸಿದ್ದು, ಶಾಲೆಯ ಸಹಿ ಹಾಕಿದ್ದು, ಜ್ವರ ಬಂದಾಗ ರಾತ್ರಿ ಆಟೋ ಹುಡುಕಿದ್ದು ಅಮ್ಮ ಮತ್ತು ಅಜ್ಜಿ. ಅಪ್ಪ ಊರಲ್ಲಿಲ್ಲದ ಮನೆ ಈ ಕರಾವಳಿಯಲ್ಲಿ ಹೊಸ ರೋಗವಲ್ಲ. ಮೂರು ನಾಲ್ಕು ತಲೆಮಾರಿನ ಮಾಮೂಲಿ ಸಂಗತಿ.

ಹಾಗಾದರೆ ಮಕ್ಕಳಿಗೆ ಏನೂ ಆಗುವುದಿಲ್ಲವೇ?

ಹಾಗೆ ಹೇಳಿದರೂ ತಪ್ಪೇ. ಸಮಾಜ ಬುಡಮೇಲಾದಾಗ ಮಕ್ಕಳಿಗೆ ಏನಾಗುತ್ತದೆ ಎಂಬುದಕ್ಕೆ ದೊಡ್ಡ ಉದಾಹರಣೆ ರಷ್ಯಾ. 1917ರ ಕ್ರಾಂತಿಯ ನಂತರ ಅಲ್ಲಿನ ಹೊಸ ಸರ್ಕಾರ, ಮಕ್ಕಳನ್ನು ಮನೆಗಿಂತ ಚೆನ್ನಾಗಿ ಸಮಾಜವೇ ಬೆಳೆಸೀತು ಎಂದು ನಂಬಿತ್ತು. 1918ರ ಕುಟುಂಬ ಕಾನೂನು ದತ್ತು ತೆಗೆದುಕೊಳ್ಳುವುದನ್ನೇ ನಿಷೇಧಿಸಿತು. ಅದರ ಬೆನ್ನಿಗೆ ಅಂತರ್ಯುದ್ಧ ಮತ್ತು 1921–22ರ ಭೀಕರ ಬರ. ಬೀದಿಗೆ ಬಿದ್ದ ಮಕ್ಕಳ ಸಂಖ್ಯೆ 70 ಲಕ್ಷದವರೆಗೆ ಇತ್ತೆಂಬ ಅಂದಾಜಿದೆ. ಸರ್ಕಾರಿ ಮಕ್ಕಳ ಮನೆಗಳಲ್ಲಿ ಜಾಗವೂ ಇರಲಿಲ್ಲ, ಊಟವೂ ಇರಲಿಲ್ಲ. 1926ರಲ್ಲಿ ದತ್ತು ಮತ್ತೆ ಬಂತು. 1936ರ ಹೊತ್ತಿಗೆ ಗರ್ಭಪಾತ ನಿಷೇಧಿಸಿ, ವಿಚ್ಛೇದನ ಬಿಗಿ ಮಾಡಿ, ಅದೇ ಸರ್ಕಾರ ಕುಟುಂಬದ ಗುಣಗಾನ ಶುರು ಮಾಡಿತ್ತು. ಅಪ್ಪಂದಿರು ಯುದ್ಧಕ್ಕೆ, ಅಮ್ಮಂದಿರು ಕಾರ್ಖಾನೆಗೆ ಹೋದ ಆ ದಶಕಗಳಲ್ಲಿ ಎಷ್ಟೋ ಮಕ್ಕಳನ್ನು ಸಾಕಿದವಳು ಬಾಬುಷ್ಕಾ, ಅಂದರೆ ಅಜ್ಜಿ. ಶಿರೂರಿನ ಅಜ್ಜಿಯರಿಗೆ ಇದನ್ನು ಹೇಳಿದರೆ ಅವರೇನೂ ಆಶ್ಚರ್ಯಪಡಲಿಕ್ಕಿಲ್ಲ.

ಅಮೆರಿಕದಲ್ಲಿ 1930ರ ಮಹಾಕುಸಿತದ ಕಾಲದ ಮಕ್ಕಳನ್ನು ವರ್ಷಗಳ ಕಾಲ ಹಿಂಬಾಲಿಸಿದ ದಾಖಲೆಗಳನ್ನು ಸಮಾಜಶಾಸ್ತ್ರಜ್ಞ ಗ್ಲೆನ್ ಎಲ್ಡರ್ ಅಧ್ಯಯನ ಮಾಡಿದರು. ಅಪ್ಪನ ಕೆಲಸ ಹೋದಾಗ ಹದಿಹರೆಯದಲ್ಲಿದ್ದವರು ಮನೆಗೆ ಹೆಗಲು ಕೊಟ್ಟು, ಮುಂದೆ ಬಹುಮಟ್ಟಿಗೆ ಚೇತರಿಸಿಕೊಂಡರು. ಆಗ ತೀರಾ ಚಿಕ್ಕವರಿದ್ದ ಗಂಡುಮಕ್ಕಳಿಗೆ ಪೆಟ್ಟು ಹೆಚ್ಚು ಬಿದ್ದಿತ್ತು. ಅಂದರೆ ಒಂದೇ ಕಷ್ಟ ಎಲ್ಲ ವಯಸ್ಸಿನ ಮಕ್ಕಳಿಗೂ ಒಂದೇ ಅಲ್ಲ.

ಅಪ್ಪ ಹೊರದೇಶದಲ್ಲಿದ್ದರೆ? ಇಂಡೊನೇಷ್ಯಾ, ಥಾಯ್ಲೆಂಡ್, ಫಿಲಿಪ್ಪೀನ್ಸ್, ವಿಯೆಟ್ನಾಂಗಳಲ್ಲಿ 2008ರಲ್ಲಿ ಇದೇ ಪ್ರಶ್ನೆ ಹಿಡಿದು ದೊಡ್ಡ ಅಧ್ಯಯನ ನಡೆಯಿತು. ಮೊದಲ ಎರಡು ದೇಶಗಳಲ್ಲಿ ಅಪ್ಪ ಹೊರಗಿದ್ದ ಮಕ್ಕಳ ಮನಸ್ಸಿನ ಆರೋಗ್ಯ ಸ್ವಲ್ಪ ಕಳಪೆ ಕಂಡಿತು. ಉಳಿದೆರಡರಲ್ಲಿ ಹಾಗೆ ಕಾಣಲಿಲ್ಲ. ಹಾಗಾಗಿ ‘ಅಪ್ಪ ಪರ ಊರಲ್ಲಿ, ಮಗು ಹಾಳು’ ಎಂಬುದು ನಿಯಮವಲ್ಲ. ಜೊತೆಗಿರುವವರು ಯಾರು, ಅವರ ಸ್ಥಿತಿ ಹೇಗಿದೆ ಎಂಬುದನ್ನೂ ನೋಡಬೇಕು.

ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ಸಂಗಡಿಗರು ನಲವತ್ತು ವರ್ಷದವರೆಗೆ ಹಿಂಬಾಲಿಸಿದರು. ಬಡತನ, ಕುಡಿತ, ಜಗಳದ ಮನೆಗಳಲ್ಲಿ ಬೆಳೆದವರಲ್ಲೂ ಸುಮಾರು ಮೂರನೇ ಒಂದು ಭಾಗ ಚೆನ್ನಾಗಿಯೇ ಬೆಳೆದರು. ಆ ಮಕ್ಕಳಲ್ಲಿ ಕಂಡ ಸಮಾನ ಅಂಶಗಳಲ್ಲಿ ಒಂದು, ನಂಬಿ ಆತುಕೊಳ್ಳಬಹುದಾದ ಒಬ್ಬ ಹಿರಿಯರು. ಅದು ತಾಯಿಯೇ ಆಗಬೇಕೆಂದಿಲ್ಲ, ಅಜ್ಜಿಯೂ ಆಗಬಹುದು, ಮಾವನೂ ಆಗಬಹುದು, ಮೇಷ್ಟ್ರೂ ಆಗಬಹುದು.

ಮೊಬೈಲಿನ ಬಗ್ಗೆ ಫಾರ್ವರ್ಡ್ ಹೇಳುವುದರಲ್ಲಿ ಸ್ವಲ್ಪ ಸತ್ಯವಿದೆ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಸಲಹೆಯಂತೆ, ಒಂದು ವರ್ಷ ತುಂಬದ ಮಗುವಿಗೆ ಪರದೆ ಬೇಡವೇ ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು. ಆದರೆ ದೂರದಲ್ಲಿರುವ ಅಪ್ಪನ ಜೊತೆ ವಿಡಿಯೊ ಕರೆ ಬೇರೆ ವಿಷಯ. ಅಮೆರಿಕದ ಮಕ್ಕಳ ತಜ್ಞರ ಸಂಘ 2016ರಲ್ಲಿ, ಹದಿನೆಂಟು ತಿಂಗಳೊಳಗಿನ ಶಿಶುಗಳಿಗೆ ಪರದೆ ಬೇಡ ಎಂದಾಗಲೂ ವಿಡಿಯೊ ಕರೆಗೆ ವಿನಾಯಿತಿ ಕೊಟ್ಟಿತ್ತು.

2020ರ ಬೇಸಿಗೆ

ಈ ಸೀಮೆ ಕಂಡ ಇತ್ತೀಚಿನ ಅಲ್ಲೋಲಕಲ್ಲೋಲ ನಿಮಗೆ ನೆನಪಿದೆ. ಮಾರ್ಚಿಯಲ್ಲಿ ಲಾಕ್‌ಡೌನ್, ಮೇಯಲ್ಲಿ ಮುಂಬೈಯಿಂದ ಸಾವಿರಾರು ಜನ ಕುಂದಾಪುರ, ಬೈಂದೂರಿಗೆ ವಾಪಸು. ಶಾಲೆಗಳೇ ಕ್ವಾರಂಟೈನ್ ಕೇಂದ್ರಗಳಾದವು. ಉಡುಪಿ ಜಿಲ್ಲೆ ಒಂದಷ್ಟು ದಿನ ರಾಜ್ಯದ ಅತಿ ಹೆಚ್ಚು ಪ್ರಕರಣಗಳ ಸಾಲಿಗೆ ಸೇರಿದಾಗ, ‘ಮುಂಬೈಯವರು ರೋಗ ತಂದರು’ ಎಂಬ ಮಾತು ಎಲ್ಲ ಗ್ರೂಪುಗಳಲ್ಲಿ ಓಡಾಡಿತು. ಅಷ್ಟು ವರ್ಷ ಮನಿಯಾರ್ಡರ್ ಕಳಿಸಿದವರ ಮಕ್ಕಳು ಆ ಬೆಂಚುಗಳ ನಡುವೆ ಹದಿನಾಲ್ಕು ದಿನ ಮಲಗಿದ್ದರು. ನಂತರ ಕೆಲವರು ಮರಳಿ ಹೋದರು, ಕೆಲವು ಮನೆಗಳಲ್ಲಿ ಅಪ್ಪ ಮಾತ್ರ ಹೋದರು, ಮಕ್ಕಳು ಇಲ್ಲಿಯೇ ಉಳಿದರು. ಆಗಸ್ಟಿನಲ್ಲಿ ಶುರುವಾದ ವಿದ್ಯಾಗಮ ಅಕ್ಟೋಬರಿನಲ್ಲಿ ನಿಂತಿತು. ಆ ತಿಂಗಳುಗಳಲ್ಲಿ ಅವರಿಗೆ ಅಕ್ಷರ ಮರೆಯದಂತೆ ನೋಡಿಕೊಂಡವರ ಪಟ್ಟಿ ಮಾಡಿದರೆ ಅದರಲ್ಲೂ ಅಮ್ಮ, ಅಜ್ಜಿ, ದೊಡ್ಡ ಅಕ್ಕ, ಅಂಗನವಾಡಿ ಟೀಚರ್ ಸಿಗುತ್ತಾರೆ.

ಶುರುವಿನಲ್ಲಿ ಹೇಳಿದ ಅತ್ತಿಗೆಯ ಮಗನೂ ಹಾಗೆ ಇಲ್ಲಿ ಉಳಿದವನೇ. ಆಗ ಅವನಿನ್ನೂ ಕೈಗೂಸು. ಮೊನ್ನೆ ಮಾವ ಗ್ರೂಪಿನಲ್ಲಿ ಆ ಫಾರ್ವರ್ಡ್ ಅಳಿಸಿ, ಅತ್ತಿಗೆಯ ನಂಬರನ್ನು ಮತ್ತೆ ಸೇರಿಸಿದ್ದಾರೆ. ಕೆಳಗೆ ಒಂದೇ ಸಾಲು ಬರೆದಿದ್ದರು: ‘ಮಾಣಿ ಶಾಲೆಗ್ ಹೋತಿದ್ನಾ?’

ಫ್ಯಾಕ್ಟರಿ ಬಿಟ್ಟ ಮೇಲೆ ಉತ್ತರ ಬಂತು: ‘ಹೋಯ್, ದಿನಾ ಹೋತಾ. ಅಜ್ಜಿ ಬಿಟ್ಕಂಡ್ ಬತ್ರ್.’